‘ಬೇಜಾರು’ ಅಂದರೆ ಏನು ಅಂತ ಕೇಳಿ

ಕ್ಲಿನಿಕಲ್ ಸೈಕಾಲಜಿ ಓದುವವರು ಆಸ್ಪತ್ರೆಯೊಂದರಲ್ಲಿ ಇಂಟರ್ನ್‌ಶಿಪ್ ಮಾಡಬೇಕೆಂದರೆ ಮೊದಲು ಒಂದು ಸಂದರ್ಶನ ದಾಟಬೇಕು. ಹದಿನೈದು ನಿಮಿಷ, ಹೆಚ್ಚೆಂದರೆ ಇಪ್ಪತ್ತು. ಮೇಜಿನ ಆಚೆ ಇಬ್ಬರೋ ಮೂವರೋ ಇರುತ್ತಾರೆ, ಈಗೀಗ ಝೂಮ್ ಪರದೆಯ ಮೇಲೆ ಒಬ್ಬರೇ. ಈ ಸಂದರ್ಶನಗಳು ಅಳೆಯುವುದಕ್ಕೂ ವಾರ್ಡಿನಲ್ಲಿ ರೋಗಿಯ ಎದುರು ಕೂತಾಗ ಬೇಕಾಗುವುದಕ್ಕೂ ಸಂಬಂಧ ತೀರಾ ಕಡಿಮೆ ಎಂಬುದು ನನ್ನ ತಕರಾರು. ಆಯ್ಕೆಯಾಗದವಳ ಗೊಣಗಾಟ ಅಂದುಕೊಳ್ಳಬೇಡಿ. ನಾನು ಆಯ್ಕೆಯೂ ಆಗಿದ್ದೇನೆ, ತಿರಸ್ಕೃತಳೂ ಆಗಿದ್ದೇನೆ. ಎರಡು ಸಂದರ್ಶನಗಳ ನಡುವಿನ ಒಂದೂವರೆ ವರ್ಷದಲ್ಲಿ ನನ್ನಲ್ಲಿ ಬದಲಾಗಿದ್ದು ಇಂಗ್ಲಿಷ್ ಮಾತ್ರ. ಬೇರೆಯವರ ಮಾತು ಕೇಳಿಸಿಕೊಳ್ಳುವ ನನ್ನ ಶಕ್ತಿ ಮೊದಲು ಎಷ್ಟಿತ್ತೋ ಆಗಲೂ ಅಷ್ಟೇ ಇತ್ತು.

ನನ್ನ ಊರು ಮಾರಿಕುಪ್ಪಂ. ಬಂಗಾರಪೇಟೆಯಿಂದ ಕವಲೊಡೆಯುವ ರೈಲು ಕೋರಮಂಡಲ್, ಊರಿಗಾಂ, ಚಾಂಪಿಯನ್ ದಾಟಿ ಬಂದು ನಿಲ್ಲುವ ಕೊನೆಯ ಸ್ಟೇಷನ್ನು. ಅಲ್ಲಿಂದ ಮುಂದೆ ಹಳಿ ಇಲ್ಲ. ಮೊದಲ ಸಂದರ್ಶನದಲ್ಲಿ ಊರು ಯಾವುದೆಂದು ಕೇಳಿದವರು, ಕೆಜಿಎಫ್ ಎಂದ ಕೂಡಲೇ ‘ಓ, ರಾಕಿ ಭಾಯ್!’ ಎಂದು ನಕ್ಕರು. ನಾನೂ ನಕ್ಕೆ, ನಗಲೇಬೇಕಲ್ಲ. 2018ರಲ್ಲಿ ಆ ಸಿನಿಮಾ ಬಂದ ಮೇಲೆ ನಮ್ಮೂರಿನವರು ಬೆಂಗಳೂರಿನಲ್ಲಿ ಪರಿಚಯ ಹೇಳಿಕೊಳ್ಳುವಾಗಲೆಲ್ಲ ಈ ನಗು ಕೊಟ್ಟೇ ಮುಂದೆ ಹೋಗಬೇಕು, ಸುಂಕದ ಹಾಗೆ. ನಿಗದಿಯಾಗಿದ್ದ ಹದಿನೈದು ನಿಮಿಷದಲ್ಲಿ ಎರಡು ನಿಮಿಷ ಹೀಗೆ ಕಳೆಯಿತು. ಗಣಿ ಮುಚ್ಚಿದ ಮೇಲೆ ಅಲ್ಲಿ ಜನ ಹೇಗಿದ್ದಾರೆ ಎಂದು ಯಾರೂ ಕೇಳಲಿಲ್ಲ. ಮನಸ್ಸಿನ ಕಾಯಿಲೆಗಳಿಗೆ ಚಿಕಿತ್ಸೆ ಕೊಡುವ ಜಾಗದಲ್ಲಿ ಕೂತು ಕೇಳಬಹುದಾಗಿದ್ದ ಪ್ರಶ್ನೆ ಅದು.

ಈಗ ನಾನು ಪಿಎಚ್‌.ಡಿ. ಮಾಡುತ್ತಿರುವುದರಿಂದ, ಊರ ಕಡೆಯ ಎಂ.ಎಸ್ಸಿ. ವಿದ್ಯಾರ್ಥಿಗಳು ಸಂದರ್ಶನಕ್ಕೆ ಮುಂಚೆ ಫೋನ್ ಮಾಡುತ್ತಾರೆ. ‘ಅಕ್ಕಾ, ಏನೇನು ಕೇಳ್ತಾರೆ?’ ಪಟ್ಟಿ ಎಲ್ಲರಿಗೂ ಬಾಯಿಪಾಠ. ಸೈಕಾಲಜಿಯನ್ನೇ ಯಾಕೆ ಆರಿಸಿಕೊಂಡಿರಿ? ನಿಮ್ಮ ಬಲ ಯಾವುದು, ದೌರ್ಬಲ್ಯ ಯಾವುದು? ಇನ್ನು ಐದು ವರ್ಷಕ್ಕೆ ಎಲ್ಲಿರುತ್ತೀರಿ? ಹವ್ಯಾಸವೇನು? ಯಾವ ಥೆರಪಿ ಪಂಥ ನಿಮಗೆ ಹತ್ತಿರ? ಇತ್ತೀಚೆಗೆ ಇನ್ನೊಂದು ಸೇರಿಕೊಂಡಿದೆ: ನೀವೇ ಯಾವತ್ತಾದರೂ ಥೆರಪಿ ತೆಗೆದುಕೊಂಡಿದ್ದೀರಾ?

ಈ ಕೊನೆಯ ಪ್ರಶ್ನೆಯ ಬಗ್ಗೆ ನನಗೆ ಸಿಟ್ಟೇ ಇದೆ. ಕೇಳುವವರ ಉದ್ದೇಶ ಒಳ್ಳೆಯದೇ ಇರಬಹುದು. ತನ್ನ ಮನಸ್ಸನ್ನು ನೋಡಿಕೊಂಡವರು ಬೇರೆಯವರದನ್ನು ನೋಡಬಲ್ಲರು ಎಂಬ ನಂಬಿಕೆ ನಮ್ಮ ವಿದ್ಯೆಯಲ್ಲಿ ಹಳೆಯದು. ಆದರೆ ಒಂದು ಸೆಷನ್ನಿಗೆ ಸಾವಿರ, ಎರಡು ಸಾವಿರ ರೂಪಾಯಿ ಕೊಡುವುದು ಯಾರಿಗೆ ಸಾಧ್ಯ? ಇಲ್ಲ ಎಂದರೆ ‘ಆತ್ಮಾವಲೋಕನ ಸಾಲದು’ ಎಂಬ ಷರಾ ಬರುತ್ತದೆ. ಹೌದು ಎಂದರೆ ಮುಂದಿನ ಪ್ರಶ್ನೆ, ಯಾಕೆ? ಅಲ್ಲಿಂದ ಶುರುವಾಗುವುದು ನೋವಿನ ಹರಾಜು. ಅಪ್ಪನ ಕುಡಿತ, ಅಮ್ಮನ ಕಣ್ಣೀರು, ಚಿಕ್ಕಂದಿನಲ್ಲಿ ಆಗಬಾರದ್ದು ಆಗಿದ್ದು. ಗುರುತಿಲ್ಲದ ಮೂವರ ಮುಂದೆ, ಕೆಲಸ ಸಿಗಲೆಂದು, ಇಂಗ್ಲಿಷಿನಲ್ಲಿ. ರೋಗಿಯೊಬ್ಬರ ಹತ್ತಿರ ಮೊದಲ ಭೇಟಿಯಲ್ಲೇ ಹೀಗೆ ಬಗೆದರೆ ಇದೇ ಹಿರಿಯರು ನಮ್ಮ ಕಿವಿ ಹಿಂಡುತ್ತಾರೆ: ಮೊದಲು ನಂಬಿಕೆ ಹುಟ್ಟಲಿ, ಗೋಪ್ಯತೆಯ ಭರವಸೆ ಕೊಡು, ಆಮೇಲೆ ಕೇಳು. ಅಭ್ಯರ್ಥಿಗೆ ಆ ಭರವಸೆ ಇಲ್ಲ. ಈಗ ವಿದ್ಯಾರ್ಥಿಗಳು ಚುರುಕಾಗಿದ್ದಾರೆ. ಎಷ್ಟು ನೋವು ಹೇಳಿದರೆ ಸಾಕು, ಯಾವ ಸಾಲಿನಲ್ಲಿ ಧ್ವನಿ ತುಸು ನಡುಗಬೇಕು, ‘ಅದನ್ನು ದಾಟಿ ಬಂದೆ’ ಎಂದು ಎಲ್ಲಿ ನಿಲ್ಲಿಸಬೇಕು ಎಂದು ಅಭ್ಯಾಸ ಮಾಡಿಕೊಂಡು ಹೋಗುತ್ತಾರೆ. ಹೀಗೆ ತಯಾರಾಗಿ ಬಂದವರಿಗೆ ಅಂಕ ಬೀಳುತ್ತದೆ, ಪ್ರಾಮಾಣಿಕತೆಯ ಲೆಕ್ಕದಲ್ಲಿ.

ಇದರ ಬದಲು ಏನು ಕೇಳಬಹುದಿತ್ತು? ನನ್ನನ್ನು ಕೇಳಿದರೆ, ‘ಬೇಜಾರು’ ಅಂದರೆ ಏನು ಅಂತ ಕೇಳಿ.

ತಮಾಷೆಗೆ ಹೇಳುತ್ತಿಲ್ಲ. ರೋಗಿ ‘ಬೇಜಾರಾಗುತ್ತೆ’ ಎನ್ನುತ್ತಾರೆ. ದುಃಖವೇ? ಏನೂ ಮಾಡಲು ತೋಚದ ಖಾಲಿತನವೇ? ಯಾರೋ ಏನೋ ಅಂದದ್ದಕ್ಕೆ ಮನಸ್ಸು ನೊಂದಿರುವುದೇ? ಅಥವಾ ಸುಮ್ಮನೆ ಹೊತ್ತು ಹೋಗುತ್ತಿಲ್ಲ ಎಂಬ ಮಾತೇ? ‘ಅವರ ಮೇಲೆ ಬೇಜಾರು’ ಬೇರೆ, ‘ಜೀವನವೇ ಬೇಜಾರು’ ಬೇರೆ. ಎರಡನೆಯದು ಬಾಯಿಂದ ಬಂದರೆ ಕೇಳುವವಳು ಪೆನ್ನು ಕೆಳಗಿಟ್ಟು, ಜೀವ ಬೇಡ ಅನ್ನಿಸಿದೆಯಾ ಎಂದು ನಿಧಾನವಾಗಿ ಕೇಳಬೇಕಾಗುತ್ತದೆ. ಕೇಸ್ ಶೀಟಿನಲ್ಲಿ ನಾಲ್ಕಕ್ಕೂ ‘ಲೋ ಮೂಡ್’ ಎಂದು ಬರೆದುಬಿಟ್ಟರೆ ಮುಗಿಯಿತು. ನಮ್ಮ ಕಡೆ ಇದು ಕನ್ನಡಕ್ಕೆ ನಿಲ್ಲುವುದೂ ಇಲ್ಲ. ಮಾರಿಕುಪ್ಪಂನ ಲೈನ್ ಮನೆಗಳಲ್ಲಿ ತಮಿಳು, ಸುತ್ತಲ ಹಳ್ಳಿಗಳಲ್ಲಿ ತೆಲುಗು ಬೆರೆತ ಕನ್ನಡ, ರಾಬರ್ಟ್‌ಸನ್‌ಪೇಟೆಯ ಅಂಗಡಿ ಬೀದಿಯಲ್ಲಿ ದಖನಿ ಉರ್ದು. ಒಬ್ಬರು ‘ಪಡಪಡಪ್ಪು’ ಎನ್ನುತ್ತಾರೆ, ಇನ್ನೊಬ್ಬರು ‘ಗುಂಡೆ ದಡ’, ಮತ್ತೊಬ್ಬರು ‘ಎದೆ ಡವಡವ’, ಮಗದೊಬ್ಬರು ‘ದಿಲ್ ಘಬರಾರಾ’. ಕೆಜಿಎಫಿನಲ್ಲಿ ಬೆಳೆದ ಹುಡುಗಿ ಈ ನಾಲ್ಕನ್ನೂ ಹತ್ತು ವರ್ಷ ತುಂಬುವ ಮೊದಲೇ ಕಲಿತಿರುತ್ತಾಳೆ. ಅರ್ಜಿ ನಮೂನೆಯಲ್ಲಿ ‘ತಿಳಿದಿರುವ ಭಾಷೆಗಳು’ ಎಂಬ ಸಾಲಿನಲ್ಲಿ ಬರೆಯುತ್ತಾಳೆ ಕೂಡ. ಆ ಸಾಲಿಗೆ ಅಂಕ ಕೊಟ್ಟ ಸಮಿತಿಯನ್ನು ನಾನಿನ್ನೂ ಕಂಡಿಲ್ಲ.

ಇನ್ನೊಂದು ಉದಾಹರಣೆ. ಅರವತ್ತೈದು ದಾಟಿದ ಒಬ್ಬರು ಬಂದು ರಾತ್ರಿ ಎದೆ ಹಿಡಿದ ಹಾಗಾಗುತ್ತದೆ, ಉಸಿರು ಸಿಗುವುದಿಲ್ಲ, ಸತ್ತೇ ಹೋಗುತ್ತೇನೆ ಅನ್ನಿಸುತ್ತದೆ ಎನ್ನುತ್ತಾರೆ ಎಂದುಕೊಳ್ಳಿ. ಪಠ್ಯಪುಸ್ತಕ ಓದಿದವರಿಗೆ ಪ್ಯಾನಿಕ್ ಎಂದು ಹೊಳೆಯುತ್ತದೆ. ನಮ್ಮೂರಿನವರಿಗೆ ಮೊದಲು ಹೊಳೆಯುವ ಪ್ರಶ್ನೆ ಬೇರೆ: ‘ಕೆಲಸ ಅಂಡರ್‌ಗ್ರೌಂಡಾ, ಸರ್ಫೇಸಾ?’ ಬೆಣಚುಕಲ್ಲಿನ ದೂಳು ಕುಡಿದ ಶ್ವಾಸಕೋಶದ ಕಾಯಿಲೆ, ಸಿಲಿಕೋಸಿಸ್, ನಮ್ಮ ಗಣಿಗಾರರ ಮನೆಮನೆಯ ಮಾತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದಿತ್ತು. ಅಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರ ಉಸಿರಾಟದ ತೊಂದರೆಯನ್ನು ಮನಸ್ಸಿನದು ಎಂದು ಬರೆಯುವ ಮೊದಲು ಎದೆಯ ಎಕ್ಸ್‌ರೇ ನೋಡಬೇಕು. ಹಾಗೆಂದು ಸಿಲಿಕೋಸಿಸ್ ಇದ್ದವರಿಗೆ ಭಯದ ಕಾಯಿಲೆ ಬರಬಾರದು ಅಂತೇನೂ ಇಲ್ಲ, ಎರಡೂ ಒಟ್ಟಿಗೆ ಇರಬಹುದು. ಆ ಒಂದು ಪ್ರಶ್ನೆ ಕೇಳಬೇಕೆಂದು ಗೊತ್ತಿರುವುದು ಕ್ಲಿನಿಕಲ್ ತಿಳಿವಳಿಕೆ. ‘ನಿಮ್ಮ ಹವ್ಯಾಸವೇನು’ ಎಂದು ಕೇಳಿದರೆ ಅದು ಹೊರಗೆ ಬರುವುದು ಹೇಗೆ?

ಸಂದರ್ಶನ ಎಷ್ಟು ದುರ್ಬಲ ಅಳತೆಗೋಲು ಎಂಬುದನ್ನು ಜಗತ್ತಿಗೆ ತೋರಿಸಿದ್ದು ಯಾರು? ಸೈಕಾಲಜಿಸ್ಟರೇ! ಅಮೆರಿಕದ ಪಾಲ್ ಮೀಲ್, ಸ್ವತಃ ಕ್ಲಿನಿಕಲ್ ಸೈಕಾಲಜಿಸ್ಟ್, 1954ರಷ್ಟು ಹಿಂದೆಯೇ ಒಂದು ಸಣ್ಣ ಪುಸ್ತಕ ಬರೆದು ತನ್ನ ವೃತ್ತಿಯವರ ಕೋಪ ಕಟ್ಟಿಕೊಂಡ. ಅನುಭವಿಗಳ ಅಂತಃಪ್ರಜ್ಞೆಗಿಂತ ಸರಳವಾದ ಅಂಕಿ-ಅಂಶದ ಸೂತ್ರ ಮನುಷ್ಯರ ಮುಂದಿನ ನಡೆಯನ್ನು ಕನಿಷ್ಠ ಅಷ್ಟೇ ಚೆನ್ನಾಗಿ, ಹಲವು ಸಲ ಇನ್ನೂ ಚೆನ್ನಾಗಿ ಊಹಿಸುತ್ತದೆ ಎಂಬುದು ಅವನು ಪುರಾವೆ ಜೋಡಿಸಿ ತೋರಿಸಿದ ಸಂಗತಿ. ಆಮೇಲಿನ ದಶಕಗಳ ಸಂಶೋಧನೆ ಇನ್ನೊಂದು ಮಾತು ಸೇರಿಸಿತು. ಎಲ್ಲರಿಗೂ ಒಂದೇ ಪ್ರಶ್ನೆ, ಮೊದಲೇ ನಿಗದಿಯಾದ ಅಂಕದ ಮಾನದಂಡ, ಕೆಲಸಕ್ಕೆ ನೇರ ಸಂಬಂಧಪಟ್ಟ ವಿಷಯ, ಹೀಗೆ ಕಟ್ಟಿದ ಸಂದರ್ಶನ ಉಪಯೋಗಕ್ಕೆ ಬರುತ್ತದೆ. ಬಾಯಿಗೆ ಬಂದದ್ದು ಕೇಳಿ ‘ಹುಡುಗಿ ಚೆನ್ನಾಗಿದ್ದಾಳೆ’ ಎಂದು ತೀರ್ಮಾನಿಸುವ ಹರಟೆ ಅದಕ್ಕಿಂತ ಬಹಳ ಕೆಳಗೆ. ಇದನ್ನು ನಮಗೆ ಪಾಠ ಮಾಡಿದವರೇ ಮಧ್ಯಾಹ್ನ ಸಂದರ್ಶನ ಸಮಿತಿಯಲ್ಲಿ ಕೂತು ಹರಟುತ್ತಾರೆ.

ಟೆಕ್ಸಾಸಿನ ಹೂಸ್ಟನ್‌ನಲ್ಲಿ ಒಂದು ವಿಚಿತ್ರ ನಡೆಯಿತು. 1979ರಲ್ಲಿ ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು 150 ವಿದ್ಯಾರ್ಥಿಗಳನ್ನು ಆರಿಸಿ ಮುಗಿಸಿದ ಮೇಲೆ, ಇನ್ನೂ 50 ಜನರನ್ನು ಸೇರಿಸಿಕೊಳ್ಳಿ ಎಂದು ಶಾಸನಸಭೆ ಹೇಳಿತು. ಸಂದರ್ಶನದ ನಂತರ ಬೇಡವೆಂದು ಬಿಟ್ಟಿದ್ದವರಿಂದಲೇ ಆ ಐವತ್ತು ಸೀಟು ತುಂಬಬೇಕಾಯಿತು. ಈ ಎರಡು ಗುಂಪುಗಳ ಮುಂದಿನ ಓದು, ವಾರ್ಡಿನ ಕೆಲಸ, ಅರ್ಧಕ್ಕೆ ಬಿಟ್ಟುಹೋದವರ ಪ್ರಮಾಣ ಎಲ್ಲವನ್ನೂ ಹೋಲಿಸಿ 1987ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಎರಡು ಗುಂಪನ್ನು ಬೇರೆ ಮಾಡಿದ್ದು ಬಹುಪಾಲು ಸಂದರ್ಶಕರ ಮನಸ್ಸಿಗೆ ಬಂದ ಅಭಿಪ್ರಾಯ.

ದೂರದ ಹೂಸ್ಟನ್ ಯಾಕೆ, ನಮ್ಮದೇ ರಾಜ್ಯದ ಕಥೆ ಇದೆ. ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳಿಗೆ ಮೈಸೂರು ರಾಜ್ಯ ಸರ್ಕಾರ ಪರೀಕ್ಷೆಯ ಅಂಕದ ಜೊತೆ ಶೇ. 25ರಷ್ಟು ಸಂದರ್ಶನದ ಅಂಕ ಸೇರಿಸಿದಾಗ, ಹೆಚ್ಚು ಅಂಕ ತೆಗೆದೂ ಸೀಟು ತಪ್ಪಿದವರು ಸುಪ್ರೀಂ ಕೋರ್ಟಿನವರೆಗೆ ಹೋದರು. ಚಿತ್ರಲೇಖಾ ವಿರುದ್ಧ ಮೈಸೂರು ರಾಜ್ಯ, 1964. ಕೋರ್ಟು ಸರ್ಕಾರದ ಪರ ನಿಂತಿತು, ಸಂದರ್ಶನ ಉಳಿಯಿತು. ಆದರೆ 1980ರ ನವೆಂಬರಿನಲ್ಲಿ ಅಜಯ್ ಹಾಸಿಯಾ ಪ್ರಕರಣ ಬಂದಾಗ ದನಿ ಬದಲಾಗಿತ್ತು. ಶ್ರೀನಗರದ ರೀಜನಲ್ ಎಂಜಿನಿಯರಿಂಗ್ ಕಾಲೇಜು 100 ಅಂಕದ ಲಿಖಿತ ಪರೀಕ್ಷೆಗೆ 50 ಅಂಕದ ಸಂದರ್ಶನ ಜೋಡಿಸಿತ್ತು. ಒಬ್ಬೊಬ್ಬರಿಗೆ ಎರಡು-ಮೂರು ನಿಮಿಷ ಸಿಕ್ಕಿತ್ತು, ಕೇಳಿದ್ದು ತಂದೆ-ತಾಯಿ ಯಾರು, ಮನೆ ಎಲ್ಲಿ ಎಂಬುದನ್ನು ಎಂದು ಅರ್ಜಿದಾರರು ದೂರಿದ್ದರು. ಮೂರನೇ ಒಂದು ಪಾಲು ಅಂಕ ಸಂದರ್ಶನಕ್ಕೆ ಇಡುವುದು ಅತಿಯಾಯಿತು, ಶೇ. 15 ಮೀರಬಾರದು, ಸಂದರ್ಶನವನ್ನು ಟೇಪ್ ರೆಕಾರ್ಡ್ ಮಾಡುವುದು ಒಳ್ಳೆಯದು ಎಂದಿತು ಕೋರ್ಟು. ಊರು ಯಾವುದು, ಅಪ್ಪ ಏನು ಮಾಡುತ್ತಾರೆ ಎಂಬ ಪ್ರಶ್ನೆಗಳು ನಲವತ್ತು ವರ್ಷ ಕಳೆದರೂ ಹಾಗೇ ಇವೆ. ಕೇಂದ್ರ ಸರ್ಕಾರ ಗ್ರೂಪ್ ‘ಸಿ’ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ‘ಬಿ’ ಹುದ್ದೆಗಳಿಗೆ 2016ರ ಜನವರಿಯಿಂದ ಸಂದರ್ಶನವನ್ನೇ ಕೈಬಿಟ್ಟಿದೆ. ಒಂದು ತಿಂಗಳ ಇಂಟರ್ನ್‌ಶಿಪ್‌ಗೆ ಮಾತ್ರ ನಾವಿನ್ನೂ ‘ವ್ಯಕ್ತಿತ್ವ’ ಹುಡುಕುತ್ತಿದ್ದೇವೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ಗುಮಾಸ್ತನ ಕೆಲಸಕ್ಕೂ ಇದಕ್ಕೂ ಹೋಲಿಕೆ ಸಲ್ಲದು, ನರಳುತ್ತಿರುವ ಮನುಷ್ಯನ ಮುಂದೆ ಕೂರಿಸುವ ಮೊದಲು ಮುಖ ನೋಡಿ ಮಾತಾಡಿಸಬೇಡವೇ ಎನ್ನುತ್ತಾರೆ. ಬೇಕು. ಅಂಕಪಟ್ಟಿ ನೋಡಿ ಆರಿಸಿ ಎಂದು ನಾನು ಹೇಳುತ್ತಿಲ್ಲ. ಎಂ.ಎಸ್ಸಿ.ಯಲ್ಲಿ ಚಿನ್ನದ ಪದಕ ಪಡೆದವರು ರೋಗಿಯ ಹೆಂಡತಿಯನ್ನು ಗದರಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಆದರೆ ಮಾತಾಡಿಸಿ ನೋಡಬೇಕಾದದ್ದು ಅಭ್ಯರ್ಥಿ ತನ್ನ ಬಗ್ಗೆ ಎಷ್ಟು ಚೆನ್ನಾಗಿ ಹೇಳಿಕೊಳ್ಳುತ್ತಾಳೆ ಎಂಬುದನ್ನೇ? ಇನ್ನೊಬ್ಬರು ಮಾತಾಡುವಾಗ ಏನು ಮಾಡುತ್ತಾಳೆ ಎಂಬುದನ್ನು ಯಾವಾಗ ನೋಡುತ್ತೀರಿ?

ಎರಡನೇ ಆಕ್ಷೇಪ ಇಂಗ್ಲಿಷಿನದು. ಪುಸ್ತಕ ಇಂಗ್ಲಿಷಿನಲ್ಲಿದೆ, ಪರೀಕ್ಷಾ ಕೈಪಿಡಿ, ಕೇಸ್ ಶೀಟು, ಸಂಶೋಧನೆ ಎಲ್ಲವೂ ಇಂಗ್ಲಿಷಿನಲ್ಲಿದೆ ಎಂಬ ವಾದ. ಒಪ್ಪುತ್ತೇನೆ. ಓದಲು, ಬರೆಯಲು ಬರಬೇಕು, ಅದನ್ನು ಒಂದು ಪುಟ ಓದಿಸಿ ಅರ್ಧ ಪುಟ ಬರೆಸಿದರೆ ಗೊತ್ತಾಗುತ್ತದೆ. ಸಂದರ್ಶನದಲ್ಲಿ ಅಳೆಯುವುದು ಉಚ್ಚಾರಣೆ, ಸಲೀಸು, ತಡವರಿಸದೆ ‘ಸೋ ಬೇಸಿಕಲಿ’ ಎಂದು ಶುರುಮಾಡುವ ಧೈರ್ಯ. ಅದು ಬರುವುದು ಯಾವ ಶಾಲೆಯಲ್ಲಿ ಓದಿದೆವು ಎಂಬುದರಿಂದ.

ನಮ್ಮ ನಾಡಿನಲ್ಲಿ ಈ ವಿದ್ಯೆ ಯಾವಾಗಲೂ ಇಂಗ್ಲಿಷಿನ ಕೋಣೆಯಲ್ಲೇ ಬೀಗ ಹಾಕಿಕೊಂಡು ಕೂತಿರಲಿಲ್ಲ ಎಂಬುದನ್ನು ಸಾಹಿತ್ಯ ಓದುವವರಿಗಾದರೂ ನೆನಪಿಸಬೇಕು. ದೇಶದ ಎಷ್ಟೋ ಆಸ್ಪತ್ರೆಗಳಲ್ಲಿ ಮಕ್ಕಳ ಬುದ್ಧಿಮತ್ತೆ ಅಳೆಯಲು ಇವತ್ತಿಗೂ ಬಳಸುವ ಬಿನೆ-ಕಾಮತ್ ಪರೀಕ್ಷೆಯನ್ನು ವಿ.ವಿ. ಕಾಮತ್ 1930ರ ದಶಕದಲ್ಲಿ ಒಗ್ಗಿಸಿದ್ದು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ. ಮೈಸೂರಿನ ಮಹಾರಾಜಾ ಕಾಲೇಜಿನ ಮನೋವಿಜ್ಞಾನದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿ ಎಂಬ ಬಾನುಲಿ ಕೇಂದ್ರ ನಡೆಸಿದರು. ರೇಡಿಯೋ ಕಟ್ಟಿದ್ದು ಮನಸ್ಸಿನ ಮೇಷ್ಟ್ರು ಎಂಬುದು ನನಗೆ ಯಾವಾಗಲೂ ಖುಷಿ ಕೊಡುವ ಸಂಗತಿ. ‘ರಾಶಿ’ ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನೋರೋಗದ ಬಗೆಗಿನ ಕನ್ನಡ ಪುಸ್ತಕಕ್ಕೆ ಸಾಹಿತ್ಯದ ಪ್ರಶಸ್ತಿ! ನಿಮ್ಹಾನ್ಸ್‌ನಲ್ಲಿ ಕೆಲಸ ಮಾಡಿದ ಡಾ. ಸಿ.ಆರ್. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳು ಬಸ್ ಸ್ಟ್ಯಾಂಡಿನ ಅಂಗಡಿಗಳವರೆಗೂ ಹೋಗಿವೆ. ನಾನು ‘ಖಿನ್ನತೆ’ ಎಂಬ ಪದವನ್ನು ಮೊದಲು ಓದಿದ್ದು ಅಂಥದ್ದೊಂದರಲ್ಲಿ. ಇಷ್ಟೆಲ್ಲ ಬೆನ್ನಿಗಿದ್ದೂ, ‘ಸರ್, ಕನ್ನಡದಲ್ಲಿ ಹೇಳಲಾ?’ ಎಂದು ಕೇಳಿದ ನನ್ನ ಜೊತೆಯ ಹುಡುಗನಿಗೆ ‘ಇದು ಪ್ರೊಫೆಷನಲ್ ಸೆಟಪ್’ ಎಂಬ ಉತ್ತರ ಬಂತು. ಅದೇ ಕಟ್ಟಡದ ಹೊರರೋಗಿ ವಿಭಾಗದ ಬೆಂಚಿನ ಮೇಲೆ ಆ ಹೊತ್ತಿಗೆ ಕೂತಿದ್ದವರಲ್ಲಿ ಎಷ್ಟು ಜನ ಪ್ರೊಫೆಷನಲ್ ಭಾಷೆಯಲ್ಲಿ ಅಳುತ್ತಿದ್ದರೋ ಏನೋ.

ಕನ್ನಡ ಬಂದವರಿಗೆ ಮಾತ್ರ ಸೀಟು ಎನ್ನುವವರಿಗೂ ಒಂದು ಮಾತು. ಅದನ್ನು ನಮ್ಮೂರಿನ ಮೇಲೆ ಬೀಸಬೇಡಿ. ಮನೆಯಲ್ಲಿ ತಮಿಳು ಮಾತಾಡುವ ಗಣಿ ಕಾರ್ಮಿಕರ ಮಕ್ಕಳು ಹೊಸ ಪರೀಕ್ಷೆಯಲ್ಲೂ ಹೊರಗೇ ಉಳಿದರೆ ಏನು ಸಾಧಿಸಿದಂತಾಯಿತು? ರೋಗಿಗಳ ಭಾಷೆಗಳಲ್ಲಿ ಯಾವುದು ಗೊತ್ತಿದ್ದರೂ ಅದು ಅರ್ಹತೆಯಾಗಲಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸಹಾಯವಾಣಿಗೆ, ಅದೇ 14416, ಇಪ್ಪತ್ತು ಭಾಷೆಗಳಲ್ಲಿ ಉತ್ತರಿಸುವವರು ಬೇಕೆಂದು ಸರ್ಕಾರಕ್ಕೇ ಅರ್ಥವಾಗಿದೆ.

ದುಡ್ಡಿನ ವಿಷಯ ಹೇಳದೆ ಹೋದರೆ ಇದೆಲ್ಲ ಅರೆಬರೆ. ಸಂದರ್ಶನ ದಾಟಿದ ಮೇಲೆ ನನಗೆ ಬಂದ ಮೇಲ್‌ನಲ್ಲಿ ಅಭಿನಂದನೆಯ ಕೆಳಗೆ ಶುಲ್ಕದ ವಿವರವಿತ್ತು. ತಿಂಗಳಿಗೆ ಹನ್ನೆರಡು ಸಾವಿರ, ನಾನು ಅವರಿಗೆ ಕೊಡಬೇಕಾದದ್ದು. ವಾರ್ಡಿನಲ್ಲಿ ಕೇಸ್ ಹಿಸ್ಟರಿ ಬರೆಯುವುದು ನಾವು, ಫೈಲು ಹೊರುವುದು ನಾವು, ರೋಗಿಗೂ ಡಾಕ್ಟರಿಗೂ ನಡುವೆ ತಮಿಳು-ತೆಲುಗು ದುಭಾಷಿ ಕೆಲಸ ಪುಕ್ಕಟೆ ಮಾಡುವುದೂ ನಾವು. ಅದರ ಮೇಲೆ ಪಿ.ಜಿ. ಬಾಡಿಗೆ. ಅದು ಆಗದವರು ಊರಿನಿಂದ ಓಡಾಡುತ್ತಾರೆ. ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂ ಬಿಡುವ ರೈಲಿನಲ್ಲಿ ಕಟ್ಟಡ ಕೆಲಸದವರು, ಸೆಕ್ಯುರಿಟಿ ಗಾರ್ಡುಗಳು, ಹೌಸ್‌ಕೀಪಿಂಗ್ ಹೆಂಗಸರ ನಡುವೆ ನಿಂತುಕೊಂಡು ಬೆಂಗಳೂರಿಗೆ ನೂರು ಕಿಲೋಮೀಟರು. ಹೀಗೆ ಬಂದವಳನ್ನು ಒಂಬತ್ತೂವರೆಗೆ ಕೂರಿಸಿಕೊಂಡು ‘ಸೆಲ್ಫ್-ಕೇರ್‌ಗೆ ಏನು ಮಾಡುತ್ತೀರಿ’ ಎಂದು ಕೇಳುತ್ತಾರೆ. ರೈಲಿನಲ್ಲಿ ಸೀಟು ಸಿಕ್ಕಿದ ದಿನ ನಿದ್ದೆ ಮಾಡುತ್ತೇವೆ ಎಂಬ ಉತ್ತರ ಅವರ ಪಟ್ಟಿಯಲ್ಲಿಲ್ಲ.

ಮುಂದಿನ ಏಣಿ ಇನ್ನೂ ಕಿರಿದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಕರೆಯುವುದು ಪುನರ್ವಸತಿ ಪರಿಷತ್ತಿನ ಮಾನ್ಯತೆಯ ತರಬೇತಿ ಪಡೆದವರನ್ನು. ವರ್ಷಗಳಿಂದ ಅದಕ್ಕೆ ದಾರಿ ಎರಡು ವರ್ಷದ ಎಂ.ಫಿಲ್. ಯುಜಿಸಿ 2022ರಲ್ಲಿ ಎಂ.ಫಿಲ್. ಅನ್ನೇ ನಿಲ್ಲಿಸಿ, ಆಮೇಲೆ ಕ್ಲಿನಿಕಲ್ ಸೈಕಾಲಜಿಗೆ 2025-26ರವರೆಗೆ ಪ್ರವೇಶಕ್ಕೆ ಅವಕಾಶ ಕೊಟ್ಟಿತು. ಹೆಸರು ಏನೇ ಬದಲಾಗಲಿ, ಬೆರಳೆಣಿಕೆಯ ಸೀಟುಗಳಿಗೆ ನಡೆಯುವ ಆ ಸಂದರ್ಶನದಲ್ಲಿ ಮೊದಲು ನೋಡುವುದು ಹಿಂದೆ ಎಲ್ಲೆಲ್ಲಿ ಇಂಟರ್ನ್‌ಶಿಪ್ ಮಾಡಿದ್ದೀರಿ ಎಂಬುದನ್ನೇ. ಒಂದು ತಿಂಗಳ ಸಣ್ಣ ಬಾಗಿಲಲ್ಲಿ ನಿಂತುಹೋದವರು ದೊಡ್ಡ ಬಾಗಿಲವರೆಗೆ ಬರುವುದೇ ಇಲ್ಲ.

ಇದರ ನಷ್ಟ ಅಭ್ಯರ್ಥಿಯದು ಮಾತ್ರವೇ? ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಬೇರೆ ಬೇರೆ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ ಶೇ. 70ರಿಂದ 92. ಆ ಸಮೀಕ್ಷೆಯ ವಿಧಾನವನ್ನು ಮೊದಲು ಪರೀಕ್ಷಿಸಿ ನೋಡಿದ್ದು ನಮ್ಮ ಕೋಲಾರ ಜಿಲ್ಲೆಯಲ್ಲಿ. ಪ್ರಶ್ನಾವಳಿಗೆ ನಮ್ಮ ಜನ ಬೇಕಾದರು. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿದ ದಿನದಿಂದ ನಮ್ಮ ಲೈನ್ ಮನೆಗಳಲ್ಲಿ ಏನೇನು ನಡೆದಿದೆ ಎಂದು ಕೂತು ಕೇಳಿಸಿಕೊಳ್ಳಲು ಅಲ್ಲಿಯ ಮಾತು ಬಲ್ಲ ಎಷ್ಟು ಜನರನ್ನು ತಯಾರು ಮಾಡಿದ್ದೇವೆ? ‘ಭೌಗೋಳಿಕವಾಗಿ ಎಟುಕುವ’ ಸೇವೆ ಎಲ್ಲರ ಹಕ್ಕು ಎನ್ನುತ್ತದೆ ಆ 2017ರ ಕಾಯ್ದೆ, ಜಾತಿ ವರ್ಗಗಳ ಭೇದವಿಲ್ಲದೆ.

ಏನು ಮಾಡಬಹುದು ಎಂದು ಕೇಳುವವರಿಗೆ ಉತ್ತರ ಕಷ್ಟದ್ದಲ್ಲ, ಖರ್ಚಿನದೂ ಅಲ್ಲ. ಹದಿನೈದು ನಿಮಿಷದಲ್ಲಿ ಹತ್ತು ನಿಮಿಷ ರೋಗಿಯ ಪಾತ್ರ ವಹಿಸುವ ಒಬ್ಬರನ್ನು ಕೂರಿಸಿ. ಆಸ್ಪತ್ರೆಯ ಹಿರಿಯ ನರ್ಸಮ್ಮ ಸಾಕು, ಅವರಷ್ಟು ರೋಗಿಗಳನ್ನು ಕಂಡವರು ಯಾರಿದ್ದಾರೆ? ಅಭ್ಯರ್ಥಿ ತನಗೆ ಬರುವ ಸ್ಥಳೀಯ ಭಾಷೆಯಲ್ಲಿ ಮಾತಾಡಿಸಲಿ. ಎಷ್ಟು ಸಲ ಅಡ್ಡ ಬಾಯಿ ಹಾಕಿದಳು, ಮೌನವನ್ನು ತಾಳಿಕೊಂಡಳೇ, ‘ಬೇಜಾರು’ ಎಂಬ ಮಾತು ಬಂದಾಗ ಹಾಗಂದರೆ ಹೇಗೆ ಅಂತ ತಿರುಗಿ ಕೇಳಿದಳೇ, ಸಾವಿನ ಮಾತು ಬಂದಾಗ ಓಡಿಹೋದಳೇ ಎಂದು ಇಬ್ಬರು ಬೇರೆ ಬೇರೆಯಾಗಿ ಅಂಕ ಹಾಕಲಿ. ಉಳಿದ ಐದು ನಿಮಿಷ ಕೇಳಿಸಿಕೊಂಡದ್ದನ್ನು ಇಂಗ್ಲಿಷಿನಲ್ಲಿ ಬರೆಯಲಿ. ಥೆರಪಿ ತೆಗೆದುಕೊಂಡಿದ್ದೀರಾ ಎಂಬ ಪ್ರಶ್ನೆಯನ್ನು ಪಟ್ಟಿಯಿಂದ ಹೊಡೆದುಹಾಕಿ. ಶುಲ್ಕ ಎಷ್ಟೆಂದು ಅರ್ಜಿ ಕರೆಯುವಾಗಲೇ ಹೇಳಿ. ಆಯ್ಕೆಯಾಗದವರಿಗೆ ಎರಡು ಸಾಲಿನ ಕಾರಣ ಬರೆದು ಕಳಿಸಿ, ‘ಈ ಬಾರಿ ಸ್ಪರ್ಧೆ ಬಹಳವಿತ್ತು’ ಎಂಬ ಅಚ್ಚಿನ ಪತ್ರ ಬೇಡ.

ಬೇಸಿಗೆಯ ಇಂಟರ್ನ್‌ಶಿಪ್‌ಗಳಿಗೆ ಅರ್ಜಿ ಕರೆಯಲು ಇನ್ನೂ ಒಂದೆರಡು ತಿಂಗಳಿದೆ. ನರ್ಸಮ್ಮನವರ ಡ್ಯೂಟಿ ಚಾರ್ಟ್ ನೋಡಿ ಒಂದು ದಿನ ಗೊತ್ತುಮಾಡಿಕೊಳ್ಳಲು ಅಷ್ಟು ಸಮಯ ಸಾಕು.